ಎಡಗಡೆಯ ಬಾಕ್ಸು

ಹಾಸನ,
ಕಾರ್ತಿಕ ಸೋಮವಾರ, 18-11-2024

ಅಪ್ಪನಿಗೆ, ಸೌಜನ್ಯ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮ ಬಸ್ಸಿನಲ್ಲಿ ಕಳಿಸಿದ ಹುರಿಹಿಟ್ಟು, ನಿಂಬೆ ಉಪ್ಪಿನಕಾಯಿ ತಲುಪಿದವು. ಹಾಸನಾಂಬೆಯ ಬಾಗಿಲು ಹಾಕಿದ ಮೇಲೆ ನಮ್ಮ ಬೀದಿಯಲ್ಲಿ ಕಾಲಿಡಲು ಜಾಗ ಸಿಗುತ್ತಿದೆ. ನಿಮ್ಮ ಮಂಡಿ ನೋವು ಕಡಿಮೆಯಾಗಿರಬಹುದು ಅಂದುಕೊಂಡಿದ್ದೇನೆ. ಮನೆಯಲ್ಲಿ ನಿಮ್ಮನ್ನು ನೀನು ಅನ್ನುವವಳು ನಾನು. ಕಾಗದದಲ್ಲಿ ಯಾಕೋ ನೀವು ಅಂತ ಬರುತ್ತಿದೆ. ತಿದ್ದಲು ಹೋಗಿಲ್ಲ, ಹಾಗೇ ಓದಿಕೊಳ್ಳಿ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು "ಉಂಡ್ಯಾ ಮಗಾ" ಅನ್ನುತ್ತೀರಿ, ನಾನು ಹೂಂ ಅನ್ನುತ್ತೇನೆ, ಅಷ್ಟಕ್ಕೇ ನನ್ನ ಕೋಪ ಅರ್ಧ ಇಳಿದುಹೋಗುತ್ತದೆ. ಈ ಸಲ ಇಳಿಯುವುದು ಬೇಡ ಅಂತ ಪೆನ್ನು ಹಿಡಿದು ಕೂತಿದ್ದೇನೆ.

ಹೋದ ವಾರ ಎಡಗಡೆಯ ಬಾಕ್ಸನ್ನು ಬಿಚ್ಚಿದೆ.

ನಾವಿಬ್ಬರೂ ಸೇರಿ ಮಾಡಿದ ಆ ಎರಡು ಸ್ಪೀಕರುಗಳು ಇಷ್ಟು ದಿನ ನನ್ನ ರೂಮಿನ ಮೂಲೆಯಲ್ಲಿ ಸುಮ್ಮನೆ ನಿಂತಿದ್ದವು. ನನ್ನ ಜೊತೆ ರೂಮಿನಲ್ಲಿರುವ ತ್ರಿಷಾ ನಿಮಗೆ ಗೊತ್ತಲ್ಲ, ಜಿನನಾಥಪುರದ ಹುಡುಗಿ, ಬ್ಯಾಂಕಿನಲ್ಲಿದ್ದಾಳೆ. ಅವಳು ಅವುಗಳ ಮೇಲೆ ದುಪಟ್ಟಾ ಒಣಹಾಕುತ್ತಿದ್ದಳು. ಎದೆಯೆತ್ತರದ ಬಾಕ್ಸು, ಅದಕ್ಕಾದರೂ ಆಗಲಿ ಅಂತ ನಾನೂ ಬಿಟ್ಟಿದ್ದೆ. ಕೊನೆಗೆ ಅವಳೇ, "ಹಾಡದೇ ಇರೋದನ್ನ ಎಷ್ಟು ದಿನ ಅಂತ ಒರೆಸ್ತೀಯೇ, ಒಳಗಿರೋದನ್ನಾದ್ರೂ ಮಾರಿಬಿಡು" ಅಂದಳು. ಸರಿ ಅನ್ನಿಸಿತು. ಕೆಳಗಿನ ದೊಡ್ಡ ಸ್ಪೀಕರನ್ನು ಹೊರಕ್ಕೆ ತೆಗೆಯೋಣ ಅಂತ ಸ್ಕ್ರೂ ಬಿಚ್ಚಿದೆ. ಕೆಂಪು ತಂತಿ ಇರಬೇಕಾದ ಕಡೆ ಕಪ್ಪು ಇತ್ತು, ಕಪ್ಪು ಇರಬೇಕಾದ ಕಡೆ ಕೆಂಪು.

ಆ ಬಾಕ್ಸನ್ನು ಹೇಗೆ ಮಾಡಿದೆವು ಅಂತ ನಿಮಗೆ ನೆನಪಿದೆಯೋ ಇಲ್ಲವೋ, ನಾನು ಮಾತ್ರ ಒಂದನ್ನೂ ಮರೆತಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಒಳಗೆ ಇಷ್ಟು ಗಾಳಿ ಹಿಡಿಯಬೇಕು, ಗಾಳಿಯಾಡುವ ಕೊಳವೆ ಇಷ್ಟುದ್ದ ಇರಬೇಕು ಅಂತ ನಾನು ಹೇಳಿದರೆ, ನೀವು ಕೊಟ್ಟಿಗೆಯ ಅಟ್ಟದಿಂದ ಬೋರ್‌ವೆಲ್ ಪೈಪಿನ ತುಂಡು ತಂದು "ಇದಾಯ್ತದಾ ನೋಡು" ಅಂದಿರಿ. ಮೋಟಾರ್ ರಿವೈಂಡಿಂಗ್ ಮಾಡುವ ತಾಮ್ರದ ತಂತಿಯಲ್ಲಿ ಕಾಯಿಲ್ ಸುತ್ತಿದಿರಿ. ಮುಂಭಾಗಕ್ಕೆ ಹಲಸಿನ ಹಲಗೆಯೇ ಬೇಕು, ಮೃದಂಗ ಮಾಡೋದು ಅದರಲ್ಲೇ ಅಂತ ಹಟ ಹಿಡಿದು ಅರಕಲಗೂಡಿನ ಸಾಮಿಲ್ಲಿಗೆ ಕರೆದುಕೊಂಡು ಹೋಗಿ, ಹಣ್ಣು ಬಡಿದು ನೋಡುವ ಹಾಗೆ ಒಂದೊಂದು ಹಲಗೆಯನ್ನೂ ಬಡಿದು ಆರಿಸಿದಿರಿ. ಒಳಗೆ ತುಂಬಲು ತಾತನ ಹಳೇ ಕಂಬಳಿ ಕತ್ತರಿಸಿದಾಗ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ನನ್ನ ಕಾಲೇಜು, ನನ್ನ ಓದು ಯಾವುದೂ ಕೊಡದ ಸಂತೋಷ ನನಗೆ ನಿಮ್ಮ ಮೈಕ್ ಸೆಟ್ ಇಡುವ ಆ ಶೆಡ್ಡಿನಲ್ಲಿ ಸಿಕ್ಕಿತ್ತು. ಮೈಕ್ ಸೆಟ್ ಮಂಚಯ್ಯನ ಮಗಳು ಅಂತ ಶಾಲೆಯಲ್ಲಿ ಆಡಿಕೊಂಡಾಗ ಅಳುತ್ತಿದ್ದವಳು, ಆ ಒಂದು ವರ್ಷ ಅದೇ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಶೆಡ್ಡಿನ ವಿಷಯವನ್ನು ಕೆಲಸ ಶುರುವಾಗುವ ಮೊದಲೇ ಕೇಳಿದ್ದೆ. ಹಾಸನದ ಚಂದ್ರಮೌಳಿ ಸಾರ್ ರಿಟೈರ್ ಆದ ಮೇಲೆ ಒಳ್ಳೆಯ ಸ್ಪೀಕರುಗಳ ಅಂಗಡಿ ಇಡುತ್ತಿದ್ದಾರೆ, ನಮ್ಮದು ಇಷ್ಟವಾದರೆ ನನ್ನ ಕೈಲೇ ಮಾಡಿಸಿ ಮಾರುತ್ತಾರೆ, ಆಗ ಶೆಡ್ಡು ನನಗೆ ಬೇಕಾಗುತ್ತದೆ ಅಂದಿದ್ದೆ. "ಅದ್ಯಾಕೆ ಕೇಳ್ತೀಯ ಮಗಾ, ಶೆಡ್ಡು ನಿಂದೇ ಕಣ" ಅಂದಿರಿ. ಅಮ್ಮ ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಬೇಕಾದರೆ ಕೇಳಿ.

ಇನ್ನು ಚಂದ್ರಮೌಳಿ ಸಾರ್ ಸ್ಪೀಕರು ಕೇಳಲು ಶೆಡ್ಡಿಗೆ ಬಂದ ಆ ಶ್ರಾವಣ ಶನಿವಾರ. ಅದರ ಹಿಂದಿನ ದಿನ ಬೆಸುಗೆ ಎಲ್ಲ ಮುಗಿಸಿದವಳು ನಾನೇ. ಅಲ್ಲಿಯವರೆಗೆ ನಾವು ಕೇಳಿದ್ದು ಬಲಗಡೆಯದೊಂದನ್ನೇ. ಎಡಗಡೆಯದು ಆವತ್ತಷ್ಟೇ ಸಿದ್ಧವಾಗಿತ್ತು. ಮುಂದಿನ ಜಾಲರಿಗೆ ಬಟ್ಟೆ ಸಾಲದೆ ನಾನು ಚನ್ನರಾಯಪಟ್ಟಣಕ್ಕೆ ಹೋಗಿಬರುವಷ್ಟರಲ್ಲಿ ನೀವು ಬಾಕ್ಸು ಮುಚ್ಚಿ ಸ್ಕ್ರೂ ಬಿಗಿದಿದ್ದಿರಿ. "ಸೆಲ್ ಇಟ್ಟು ನೋಡಿದೀನಿ, ಎರಡೂ ಆಚ್ಗೇ ಬತ್ತವೆ" ಅಂದಿರಿ. ಅಷ್ಟು ಸಾಕಾಗಿತ್ತು ನನಗೆ. ಪೆನ್ಸಿಲ್ ಸೆಲ್ಲನ್ನು ತಂತಿಗೆ ಮುಟ್ಟಿಸಿದರೆ ಸ್ಪೀಕರಿನ ಕಾಗದ ಮುಂದಕ್ಕೆ ಜಿಗಿಯಬೇಕು, ಹಿಂದಕ್ಕೆ ಹೋದರೆ ತಂತಿ ಅದಲುಬದಲು ಅಂತ ನನಗೆ ಕಲಿಸಿದ್ದೇ ನೀವು. ನಮ್ಮಲ್ಲಿ ಅಪ್ಪ ಸೆಲ್ ಇಟ್ಟ ಮೇಲೆ ಇನ್ನೊಬ್ಬರು ಇಡುವುದಿಲ್ಲ. ತಮ್ಮ ದಿಲೀಪನೂ ಇಟ್ಟವನಲ್ಲ, ಕೂಲಿಗೆ ಬರುವವರೂ ಇಟ್ಟವರಲ್ಲ. ಮತ್ತೆ ಇಟ್ಟರೆ ನಿಮ್ಮನ್ನು ಅನುಮಾನಿಸಿದ ಹಾಗೆ.

ಚಂದ್ರಮೌಳಿ ಸಾರ್ ತಾವೇ ಮೃದಂಗ ನುಡಿಸುವವರು. ತಮ್ಮದೇ ಒಂದು ಮೃದಂಗದ ರೆಕಾರ್ಡಿಂಗ್ ತಂದಿದ್ದರು. ಎರಡು ನಿಮಿಷ ಕೇಳಿ, ಎದ್ದು, ಮುಂದೆ ಬಂದು, ಹಿಂದೆ ಹೋಗಿ, "ಎಡಗೈ ಎಲ್ಲಮ್ಮ? ಬಲಗೈ ಮಾತ್ರ ಬಾರಿಸ್ತಿದೆಯಲ್ಲ" ಅಂದರು. ನನಗೂ ಕೇಳುತ್ತಿತ್ತು, ಎಡಗೈ ಪೆಟ್ಟಿಗೆ ಗುಂ ಅನ್ನಬೇಕಾದ್ದು ಎಲ್ಲೋ ಸೋರಿಹೋಗಿತ್ತು. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು, ತಂತಿ ಅದಲುಬದಲಾಗಿಲ್ಲ ತಾನೆ ಅಂತ. ನಾನು ಬಾಯಿ ತೆರೆಯುವ ಮೊದಲೇ ನೀವು, "ನಲವತ್ತು ವರ್ಸದಿಂದ ಇದೇ ಕಸುಬು ಸಾ. ನಾನೇ ಸೆಲ್ ಇಟ್ಟು ನೋಡಿದೀನಿ" ಅಂದಿರಿ. ಹೊಳೆನರಸೀಪುರದ ಮೈಕ್ ಸೆಟ್ ಮಂಚಯ್ಯ ಹಾಗೆ ಹೇಳಿದ ಮೇಲೆ ಯಾರು ತಾನೇ ಎದುರಾಡುತ್ತಾರೆ. ಹೊರಡುವಾಗ ಮರಗೆಲಸ ಚೆನ್ನಾಗಿದೆ ಅಂತ ಹೊಗಳಿದರು. ಮರಗೆಲಸವನ್ನು ಹೊಗಳಿಸಿಕೊಂಡ ಸ್ಪೀಕರು!

ಆಮೇಲೆ ನೀವು ನನ್ನ ಬೆನ್ನು ಸವರಿ, "ಶೀಟಿನ ಮಾಡು ತಿಂದಾಕ್ಬುಡ್ತು, ನಿಂದೇನು ತಪ್ಪಿಲ್ಲ, ಓಗ್ಲಿ ಬುಡು" ಅಂದಿರಿ. ನಾನು ನಿಮ್ಮ ಹೆಗಲಿಗೆ ಒರಗಿ ಅತ್ತೆ. ಅಪ್ಪ, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ. ಸಮಾಧಾನಕ್ಕೆ ಅಂತ ಯಾರ ಹೆಗಲಿಗೆ ಒರಗಿದೆನೋ ಅವರೇ ಮಾಡಿದ್ದರು. ಅದೇ ವಾರ ಬಾಕ್ಸುಗಳಿಗೆ ಗೋಣಿ ಮುಚ್ಚಿ, ನನ್ನ ಲೆಕ್ಕವೇ ತಪ್ಪು, ನನಗೆ ಇದು ಕೈ ಹತ್ತುವುದಲ್ಲ ಅಂತ ಶೆಡ್ಡಿನ ಬೀಗದ ಕೈಯನ್ನು ನಿಮ್ಮ ಮುಂದೆ ಇಟ್ಟೆ. ನೀವು ಬೇಡ ಅನ್ನಲಿಲ್ಲ. ಈಗ ಬಾಕ್ಸುಗಳ ಸಮೇತ ಇಲ್ಲಿಗೆ ಬಂದು, ಟೈಲ್ಸ್ ಅಂಗಡಿಯಲ್ಲಿ ಕೂತು ಬಿಲ್ ಹಾಕುತ್ತಿದ್ದೇನೆ.

ಬಾಕ್ಸು ಬಿಚ್ಚಿದ ದಿನ ನಿಮ್ಮ ಪರವಾಗಿ ವಾದ ಹೂಡಿದವಳೂ ನಾನೇ. ಆಷಾಢದಲ್ಲಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಬಣ್ಣ ತಿಳಿಯದೆ ಹೋಗಿರಬಹುದು ಅಂದುಕೊಂಡೆ. ಆದರೆ ನಾನು ಸರಿಯಾಗಿ ಹಾಕಿದ್ದ ಬೆಸುಗೆಯನ್ನು ನೀವು ಯಾಕೆ ಬಿಚ್ಚಿದಿರಿ? ಬಿಚ್ಚಿ, ಮೈಕ್ ಸೆಟ್ಟಿನವರ ಹಾಗೆ ತಂತಿಗೆ ಗಂಟು ಹಾಕಿ ಮತ್ತೆ ಬೆಸೆದಿದ್ದೀರಿ. ಆ ಗಂಟು ನಿಮ್ಮದೇ, ನಾನು ಹಾಗೆ ಹಾಕುವುದಿಲ್ಲ. ಹೋಗಲಿ, ಸೆಲ್ಲು ಇಡಲು ಬಣ್ಣ ಬೇಕೇ? ಒಂದು ಬಾಕ್ಸಿನದು ಮುಂದಕ್ಕೆ ಬಂದು ಇನ್ನೊಂದರದು ಹಿಂದಕ್ಕೆ ಹೋದದ್ದು ಕೈಬೆರಳಿಗೇ ಗೊತ್ತಾಗುತ್ತದೆ. ಹಾಗಾದಾಗ ಒಂದು ನೂಕಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ತಗ್ಗು ನಾದವೆಲ್ಲ ಸತ್ತುಹೋಗುತ್ತದೆ ಅಂತ ಮಕ್ಕಳಾಗಿದ್ದಾಗಲೇ ನಮಗೆ ತೋರಿಸಿದವರು ನೀವು. ಅಷ್ಟಾದರೂ ನಾನು ಒಪ್ಪದೆ ನಾಲ್ಕು ದಿನ ಸುಮ್ಮನಿದ್ದೆ. ದಿಲೀಪ ಫೋನ್ ಮಾಡಿದ.

ಅವನಿಗೇನೂ ತಿಳಿಯದು, ಅವನನ್ನು ಬೈಯಬೇಡಿ. ಅವನ ಡಿಜೆ ಸೆಟ್ಟಿಗೆ ಜನರೇಟರ್ ಬರುತ್ತಿದೆ, ಶೆಡ್ಡಿನಲ್ಲಿ ಪೂಜೆ ಇದೆ, ಬಾ ಅಂತ ಕರೆದ. ಶೆಡ್ಡು ನಿನಗೆ ಯಾವಾಗ ಅಂತಾಯಿತು ಅಂದೆ. "ಅಪ್ಪ ಯುಗಾದೀಲೇ ಏಳಿತ್ತಲ್ಲಕ್ಕಾ, ಶೆಡ್ಡು ನಿಂಗೇ ಕಣ್ಲಾ ಅಂತ. ಅಕ್ಕ ತಾನೇ ಬುಟ್ಕೊಡ್ತಾಳೆ, ಅಲ್ಲೀಗಂಟ ಬಾಯಿ ಬುಡ್ಬೇಡ ಅಂದಿತ್ತು" ಅಂದ. ನಾನು ಆಯ್ತು ಕಣೋ ಅಂತ ಫೋನ್ ಇಟ್ಟೆ.

ಯುಗಾದಿ ಆಗಿ ಶ್ರಾವಣದವರೆಗೂ ನೀವು ನನ್ನ ಜೊತೆ ಕೂತು ಹಲಗೆ ಉಜ್ಜಿದ್ದೀರಿ. ಶೆಡ್ಡು ನನ್ನದಲ್ಲ ಅಂತ ಗೊತ್ತಿದ್ದುಕೊಂಡು, ಮರದ ಪುಡಿ ಮೂಗಿಗೆ ಹೋಗದ ಹಾಗೆ ನನಗೆ ಟವಲ್ ಕಟ್ಟಿದ್ದೀರಿ.

ನೀವು ಯಾರಿಗೂ ಇಲ್ಲ ಅಂದವರಲ್ಲ, ಅದು ನಮ್ಮ ಮನೆಯ ತಮಾಷೆಯೇ ಆಗಿತ್ತು. ಒಂದೇ ಮುಹೂರ್ತಕ್ಕೆ ಅರಕಲಗೂಡಿನ ಮದುವೆಗೂ ಹೂಂ, ಚನ್ನರಾಯಪಟ್ಟಣದ ಮದುವೆಗೂ ಹೂಂ. ಆಮೇಲೆ ಹಿಂದಿನ ದಿನ ಯಾರೋ ಒಬ್ಬ ಹೆಣ್ಣಿನ ಅಪ್ಪನಿಗೆ ಆಂಪ್ಲಿಫೈಯರ್ ಸುಟ್ಟುಹೋಯಿತು ಅಂತ ಸುದ್ದಿ ಹೋಗುತ್ತಿತ್ತು. ಆಂಪ್ಲಿಫೈಯರ್ ಯಾವತ್ತೂ ಸುಟ್ಟಿರಲಿಲ್ಲ. ಅಮ್ಮ ಬೈದರೆ, "ಮೊಕ ನೋಡ್ಕಂಡು ಇಲ್ಲ ಅನ್ನಕ್ಕಾಯ್ತದಾ" ಅನ್ನುತ್ತಿದ್ದಿರಿ. ನಾವೆಲ್ಲ ನಗುತ್ತಿದ್ದೆವು. ಆ ಹೆಣ್ಣಿನ ಅಪ್ಪ ಆವತ್ತು ಏನು ಮಾಡಿಕೊಂಡನೋ ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಈ ಸಲ ಆ ಸುದ್ದಿ ಬಂದದ್ದು ನನಗೆ. ನನ್ನ ಮುಖ ನೋಡಿ ಇಲ್ಲ ಅನ್ನಲಾರದೆ, ನನಗೇ ಏನೂ ಬರುವುದಿಲ್ಲ ಅಂತ ನಾನೇ ನಂಬುವ ಹಾಗೆ ಮಾಡಿದಿರಿ. ಇಲ್ಲ ಅಂದಿದ್ದರೆ ಜಗಳವಾಡುತ್ತಿದ್ದೆ, ಒಂದು ತಿಂಗಳು ಮಾತು ಬಿಡುತ್ತಿದ್ದೆ, ಆಮೇಲೆ ಬೇರೆಲ್ಲಾದರೂ ಜಾಗ ಹುಡುಕುತ್ತಿದ್ದೆ. ಅಷ್ಟೇ ತಾನೇ ಆಗುತ್ತಿದ್ದದ್ದು.

ಶೆಡ್ಡು ನನಗೆ ಬೇಡ. ದಿಲೀಪ ಇಟ್ಟುಕೊಳ್ಳಲಿ, ಚೆನ್ನಾಗಿರಲಿ. ನಿಮ್ಮಿಂದ ನನಗೆ ಬೇಕಾದದ್ದು ನಿಮ್ಮ ಕೈಬರಹದಲ್ಲಿ ಒಂದು ಸಾಲು: ಸೌಜಿ, ಶೆಡ್ಡು ನಿನಗೆ ಕೊಡುವುದಿಲ್ಲ. ಯುಗಾದಿಯಲ್ಲಿ ಹೇಳಬೇಕಾಗಿದ್ದನ್ನು ಈಗಲಾದರೂ ಹೇಳಿ. ಅದು ಬರುವವರೆಗೆ ನಾನು ಊರಿಗೆ ಬರುವುದಿಲ್ಲ, ಪೂಜೆಗೂ ಇಲ್ಲ. ಶನಿವಾರ ಬಸ್ಸು ಹತ್ತಿ ನೀವೇ ಬಂದುಬಿಡಬೇಡಿ. ಬಂದರೆ ಮತ್ತೆ "ಉಂಡ್ಯಾ ಮಗಾ" ಅನ್ನುತ್ತೀರಿ.

ಅಮ್ಮನಿಗೆ ಉಪ್ಪಿನಕಾಯಿ ಚೆನ್ನಾಗಿತ್ತು ಅಂತ ಹೇಳಿ. ಬೇರೆ ಏನೂ ಹೇಳಬೇಡಿ.

ಇಂತಿ,
ನಿಮ್ಮ ಮಗಳು
ಸೌಜನ್ಯ

ತಾ.ಕ.: ಇದನ್ನು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಮನಸ್ಸು ಬರಲಿಲ್ಲ. ತಂತಿ ಸರಿ ಮಾಡಿ ನಿನ್ನೆ ಚಂದ್ರಮೌಳಿ ಸಾರನ್ನು ರೂಮಿಗೆ ಕರೆಸಿದ್ದೆ. ಅದೇ ಮೃದಂಗ ಹಾಕಿದೆ. ಎಡಗೈ ಬಂತು, ಕಿಟಕಿಯ ಗಾಜು ಅದುರಿ ತ್ರಿಷಾ ಎದ್ದು ನಿಂತಳು. ಅವರು ಪೂರ್ತಿ ಕೇಳಿ, ಆವತ್ತು ಏನಾಗಿತ್ತಮ್ಮ ಅಂದರು. ತಂತಿ ಅದಲುಬದಲಾಗಿತ್ತು ಅಂದೆ. "ನಿಮ್ಮಪ್ಪ ಸೆಲ್ ಇಟ್ಟಿದ್ರಲ್ಲ" ಅಂದರು. ಅಪ್ಪ ನೋಡಿದ ಮೇಲೆ ನಾನೇ ಬಿಚ್ಚಿ ಮತ್ತೆ ಬೆಸೆದಿದ್ದೆ, ತಪ್ಪು ನನ್ನದೇ ಅಂದೆ. ಅವರು ಎದ್ದು ಬಾಕ್ಸಿನ ಹಲಗೆಯನ್ನೊಮ್ಮೆ ಬಡಿದು ನೋಡಿದರು. ಆಮೇಲೆ, ಅಂಗಡಿಯ ಹಿಂದಿನ ಕೋಣೆ ಕೊಡುತ್ತೇನೆ, ಅಲ್ಲೇ ಮಾಡು, ಆದರೆ ನೀನು ಮಾಡಿದ ಪ್ರತಿಯೊಂದನ್ನೂ ಇನ್ನೊಬ್ಬರು ಪರೀಕ್ಷೆ ಮಾಡಿದ ಮೇಲೇ ಮಾರುವುದು, ಬೇಜಾರು ಮಾಡಿಕೊಳ್ಳಬೇಡ ಅಂದರು. ಒಪ್ಪಿಕೊಂಡೆ. ಹಾಸನದಲ್ಲಿ ನಿಮ್ಮ ಮಾತನ್ನು ಈಗಲೂ ನಂಬುತ್ತಾರೆ, ಅಪ್ಪ. ನಂಬದವಳು ಒಬ್ಬಳಿದ್ದಾಳೆ ಅಂತ ನಿಮಗೆ ಮಾತ್ರ ಗೊತ್ತಿರಲಿ.