ಹಿಂದಿನ ಸೀಟು ಬಿಚ್ಚಬೇಡಿ, ಮುತ್ಯಾ

ಹುಬ್ಬಳ್ಳಿ,
ಫೆಬ್ರವರಿ ೩೦, ೨೧೩೧

ಮುತ್ಯಾ ಫಕೀರಪ್ಪನವರಿಗೆ ನಿಮ್ಮ ಮರಿಮೊಮ್ಮಗಳು ಕಾಶವ್ವ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಾರೀಖು ಇಲ್ಲ, ಗೊತ್ತು. ನಮಗೆ ಎಲ್ಲ ತಿಂಗಳೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ಹೆಸರಿಲ್ಲ, ಆ ದಿನಗಳಲ್ಲೂ ಗಾಡಿ ಓಡಿಸಬೇಕು. ನನ್ನ ಮಾತು ವಿಚಿತ್ರ ಅನ್ನಿಸಿದರೆ ತಪ್ಪು ತಿಳಿಯಬೇಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಉಳಿದ ಅಕ್ಷರಗಳನ್ನು ಊಟದ ಡಬ್ಬಿಗಳ ಮೇಲಿನ ಚೀಟಿ ಓದಿ ಕಲಿತೆ. ಹಾಗಾಗಿ ಬಿಸಿ, ತಣ್ಣಗೆ, ಬೇಗ, ವಾಪಸು ಇಂಥ ಪದಗಳೇ ಕೈಗೆ ಮೊದಲು ಬರುತ್ತವೆ. ಇದು ನಿಮಗೆ ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೂ ಗುರುವಾರದೊಳಗೆ ಮುಟ್ಟುತ್ತದೋ, ಅದೇ ಚಿಂತೆ.

ಗುರುವಾರ ನೀವು ಗಾಡಿ ಆರಿಸುತ್ತೀರಿ. ಅವ್ವ ಈ ಸಂಗತಿಯನ್ನು ನಿಮ್ಮ ಬಾಯಿಂದಲೇ ಕೇಳಿದವಳು, ನನಗೆ ನೂರು ಸಲ ಹೇಳಿದ್ದಾಳೆ. ಖಾನಾವಳಿಯ ಊಟವನ್ನು ಆಫೀಸುಗಳಿಗೆ, ಮನೆಗಳಿಗೆ ಮುಟ್ಟಿಸುವ ಕೆಲಸ ನಿಮಗೆ ಸಿಕ್ಕಿದೆ. ದಸ್ತಗೀರ್ ಮಿಸ್ತ್ರಿಯ ಗ್ಯಾರೇಜಿನಲ್ಲಿ ಎರಡು ಹಳೇ ಕಾರುಗಳು ನಿಂತಿವೆ. ಒಂದು ಪೆಟ್ರೋಲಿನದು, ಡಿಕ್ಕಿ ದೊಡ್ಡದು, ಲೀಟರಿಗೆ ಹದಿನೆಂಟು ಕೊಟ್ಟರೆ ಹೆಚ್ಚು. ಇನ್ನೊಂದು ಗ್ಯಾಸಿನದು, ಕಿಲೋಗೆ ಇಪ್ಪತ್ತಾರು ಓಡುತ್ತದೆ, ರೇಟೂ ಕಡಿಮೆ, ಆದರೆ ಡಿಕ್ಕಿಯನ್ನೆಲ್ಲ ಸಿಲಿಂಡರೇ ತುಂಬಿಕೊಂಡಿದೆ. ಬುತ್ತಿ ಇಡುವುದೆಲ್ಲಿ ಎಂದು ನೀವು ತಲೆ ಕೆರೆದುಕೊಳ್ಳುತ್ತೀರಿ. ಮಿಸ್ತ್ರಿ ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡು ನಗುತ್ತಾನೆ.

“ಹಿಂದಿನ ಸೀಟ್ ಬಿಚ್ಚಿ ಒಗದ್ರಾತು, ಫಕೀರಣ್ಣ. ರೊಟ್ಟಿ ಕೂಡಾಕ ಸೀಟ್ ಯಾಕ್ ಬೇಕು?”

ನೀವೂ ನಗುತ್ತೀರಿ, ಗ್ಯಾಸಿನದನ್ನೇ ಕೊಳ್ಳುತ್ತೀರಿ. ತೂಕ ಇಳಿದು ಮೈಲೇಜ್ ಇನ್ನಷ್ಟು ಏರುತ್ತದೆ. ಮೂರು ತಿಂಗಳಿಗೆ ಮುಂದಿನ ಪಕ್ಕದ ಸೀಟೂ ಹೋಗುತ್ತದೆ.

ನಿಮ್ಮನ್ನು ನೋಡಿ ಉಳಿದವರೂ ಬಿಚ್ಚಿದರು. ಆಮೇಲೆ ಸೀಟಿಲ್ಲದ ಗಾಡಿಗಳೇ ತಯಾರಾಗಿ ಬಂದವು. ಅಗ್ಗ ಅಂತ ಎಲ್ಲರೂ ಅದನ್ನೇ ಕೊಂಡರು. ಈಗ ರಸ್ತೆಯಲ್ಲಿ ಇರುವುದು ಬುತ್ತಿಗಾಡಿ ಮಾತ್ರ. ಅಂದರೆ ಒಬ್ಬ ಚಾಲಕ, ಸುತ್ತ ಊಟ. ಬಸ್ಸು, ಆಂಬುಲೆನ್ಸ್ ಯಾವುವೂ ಇಲ್ಲ. ಎಲ್ಲವೂ ಮನೆಗೇ ಬರುವಾಗ ಮನುಷ್ಯರು ಎಲ್ಲಿಗೆ ಹೋಗಬೇಕು ಎನ್ನುತ್ತಾರೆ. ಚಾಲಕರನ್ನು ಬಿಟ್ಟು ಬೇರೆ ಯಾರು ಗಾಡಿ ಹತ್ತಿದರೂ ಅವರಿಗೆ ‘ಹೊರೆ’ ಎಂದು ಹೆಸರು. ಹೊರೆ ಹತ್ತಿದ್ದು ಗಾಡಿಗೆ ಗೊತ್ತಾಗುತ್ತದೆ. ಕೆಟ್ಟದಾಗಿ ಏನೂ ಅನ್ನುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಬೆಳಿಗ್ಗೆ ನನ್ನನ್ನೂ ತೂಗುತ್ತದೆ. ಚಳಿಗೆ ಶಾಲು ಹೊದ್ದರೆ ಒಂದು ಕಟ್ಟು ರೊಟ್ಟಿ ಇಳಿಸಬೇಕು. ಸಾರಿನ ಡಬ್ಬಿ ಅಲುಗದಂತೆ ಅದಕ್ಕೆ ಮೆತ್ತನೆಯ ಹಾಸು ಇದೆ, ನನಗೆ ಬರೀ ತಗಡು.

ಹೋದ ವರ್ಷ ಅವ್ವನಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆ ಹದಿನಾಲ್ಕು ಕಿಲೋಮೀಟರ್. ಡಬ್ಬಿಗಳ ನಡುವೆ ಅವಳನ್ನು ಮುದುರಿ ಕೂರಿಸಿದೆ, ಗಾಡಿ ಅಲ್ಲಾಡಲಿಲ್ಲ. ಡಬ್ಬಿಗಳನ್ನೆಲ್ಲ ಇಳಿಸಿದೆ, ಆಗಲೂ ಅಲ್ಲಾಡಲಿಲ್ಲ. ಅದು ತೂಕದ ಮಾತೇ ಆಗಿರಲಿಲ್ಲ, ಮುತ್ಯಾ. ಹಿಂದೆ ಗಾಡಿಗಳ ಸಾಲು ಬೆಳೆಯಿತು. ಅವ್ವ ತಾನೇ ಇಳಿದಳು.

“ನೀ ನಡಿಯವ್ವಾ, ಬುತ್ತಿ ಆರತೈತಿ. ನಾ ನಡಕೊಂತ ಬರ್ತೇನಿ.”

ಡಬ್ಬಿಗಳನ್ನು ಮತ್ತೆ ಏರಿಸಿಕೊಂಡು ನಾನು ಹೋದೆ. ಎಲ್ಲವನ್ನೂ ಬಿಸಿಯಾಗಿಯೇ ಮುಟ್ಟಿಸಿ ತಿರುಗಿ ಬಂದಾಗ ಅವಳು ಒಂದು ಫರ್ಲಾಂಗೂ ನಡೆದಿರಲಿಲ್ಲ. ರಸ್ತೆ ಬದಿಗೆ ಕೂತಿದ್ದಳು. ಮೈ ತಣ್ಣಗಾಗಿತ್ತು.

ಈಗ ನನ್ನ ಮಗಳು ರುದ್ರವ್ವನಿಗೆ ದಿನ ತುಂಬಿವೆ. ಮಗು ಅಡ್ಡ ಇದೆ, ಮನೆಯಲ್ಲಿ ಆಗುವ ಹೆರಿಗೆ ಅಲ್ಲ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಾಳೆ. ಅದೇ ಆಸ್ಪತ್ರೆ, ಅದೇ ಹದಿನಾಲ್ಕು ಕಿಲೋಮೀಟರ್.

ನಿಮ್ಮ ಕಾರು ಈಗಲೂ ನಮ್ಮ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿದೆ. ಹಿಂದಿನ ಸೀಟಿದ್ದ ಜಾಗದಲ್ಲಿ ಬೋಲ್ಟಿನ ನಾಲ್ಕು ತೂತು. ಈ ಕಾಗದವನ್ನು ಅಲ್ಲೇ ಇಡುತ್ತೇನೆ, ನಿಮ್ಮ ಬೇರೆ ವಿಳಾಸ ನನಗೆ ತಿಳಿಯದು. ಪೆಟ್ರೋಲಿನದನ್ನೇ ತಗೊಳ್ಳಿ. ಗ್ಯಾಸಿನದೇ ಬೇಕೆಂದರೆ ಸೀಟು ಇರಲಿ, ಬುತ್ತಿಯನ್ನು ಅದರ ಮೇಲೇ ಇಡಿ. ಮೈಲೇಜ್ ಬೀಳಲಿ, ಮಿಸ್ತ್ರಿ ನಗಲಿ.

ನೀವು ಮಾತು ಕೇಳಿದರೆ ನನಗೆ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದು ನೋಡುತ್ತೇನೆ. ಇವತ್ತೂ ನೋಡಿದೆ. ತೂತುಗಳೇ ಇವೆ. ಸೀಟು ಬಂತೇನವ್ವಾ ಎಂದು ರುದ್ರವ್ವ ಒಳಗಿನಿಂದ ಕೇಳುತ್ತಾಳೆ. ನಾಳೆ ನೋಡೋಣ ಎನ್ನುತ್ತೇನೆ. ಹಾಗೆನ್ನಲು ಇನ್ನು ಹೆಚ್ಚು ನಾಳೆಗಳು ಉಳಿದಿಲ್ಲ, ಮುತ್ಯಾ.