ಅಪ್ಪನ ಕಸಿ ಚಾಕು ಯಾವ ಕೈಯದು

ದಿಬ್ಬೂರಹಳ್ಳಿ
14-7-2024, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಚನ್ನಕೇಶವನಿಗೆ, ಅಕ್ಕನ ಆಶೀರ್ವಾದ.

ನೆನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣೋ. ಅಪ್ಪನ ಮಡಚುವ ಚಾಕು ನಿನ್ನ ಕೈಯಲ್ಲಿ ತಾನೇ ಮಡಚಿಕೊಂಡು ಬೆರಳು ಕಚ್ಚಿ ಹಿಡಿದಿತ್ತು. ನೀನು ನಗುತ್ತಾ ನಿಂತಿದ್ದೆ. ಬಿಡಿಸೋಣವೆಂದರೆ ನನಗೆ ಕೈ ಎತ್ತಲಾಗಲಿಲ್ಲ. ಎದ್ದು ಮುಖ ತೊಳೆದರೂ ಅದು ಕಣ್ಣ ಮುಂದಿಂದ ಹೋಗಲಿಲ್ಲ. ಮೊದಲು ನೀನು ಹೇಗಿದ್ದೀಯ ಹೇಳು. ಗೋಡೌನಿನ ದೂಳಿಗೆ ಹತ್ತಿಕೊಂಡ ಕೆಮ್ಮು ಹೋಯಿತೇ? ಮುದ್ದೆ ಮಾಡಿಕೊಂಡು ಉಣ್ಣುತ್ತೀಯೋ, ಬನ್ನು ತಿಂದು ಮಲಗುತ್ತೀಯೋ? ಅಮ್ಮ ಇದ್ದಾಳೆ, ಮಂಡಿನೋವು ಇದ್ದದ್ದೇ. ರೇಷ್ಮೆಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಸೊಪ್ಪು ಮುಕ್ಕುತ್ತಿದೆ, ಎಷ್ಟು ಹಾಕಿದರೂ ಸಾಲದು. ಈ ಸಲ ಗೂಡು ಚೆನ್ನಾಗಿ ಕಟ್ಟಿದರೆ ಸಾಕಪ್ಪ ಎಂದು ದಿನಾ ಕೈ ಮುಗಿಯುತ್ತೇನೆ.

ಫೋನ್ ಇರುವಾಗ ಅಕ್ಕ ಕಾಗದ ಬರೆದಳಲ್ಲ ಎಂದು ನಗಬೇಡ. ಫೋನ್ ಹಿಡಿದರೆ ನನಗೆ ಅಳು ಬಂದು ಹೇಳಬೇಕಾದ್ದು ತಪ್ಪಿಹೋಗುತ್ತದೆ. ಏಳನೇ ಕ್ಲಾಸಿಗೆ ಬಿಟ್ಟವಳ ಬರಹ, ತಪ್ಪಿದ್ದರೆ ಸರಿಮಾಡಿಕೊಂಡು ಓದು. ನಾಳೆ ನಮ್ಮೂರ ಟೆಂಪೋ ಮೋಹನ್‌ಬಾಬು ಟೊಮೆಟೊ ತುಂಬಿಕೊಂಡು ಗೌರಿಬಿದನೂರಿಗೆ ಬರುತ್ತಾನಂತೆ. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಈ ಕಾಗದವನ್ನೂ ಅದರ ಜೊತೆಗಿಟ್ಟು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಗರಗೆರೆ ಹತ್ತಿರದ ನರ್ಸರಿಯಲ್ಲಿ ಗುರುವಾರ ಇಪ್ಪತ್ತು ಮಾವಿನ ಸಸಿಗೆ ಕಸಿ ಕಟ್ಟಿ ತೋರಿಸಬೇಕು, ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಮತ್ತೆ ಗೋಡೌನಿನ ಮೂಟೆ ಎಂದೆಯಲ್ಲ, ಆವತ್ತಿನಿಂದ ನನಗೆ ನಿದ್ದೆಯಿಲ್ಲ. ಮನೆ ಬಿಟ್ಟ ಎಂಟು ವರ್ಷದ ಮೇಲೆ ನೀನಾಗಿಯೇ ಅಪ್ಪನ ಚಾಕು ಕೇಳಿದೆ. "ಬಲಗೈಲೇ ಅಭ್ಯಾಸ ಮಾಡ್ತಿದೀನಿ ಬಿಡಕ್ಕ, ಈ ಸಲ ಎಡಗೈ ಜೇಬಲ್ಲಿ" ಎಂದು ನಕ್ಕೆ. ನಾನೂ ನಕ್ಕೆ. ಆಮೇಲೆ ನಾನು ಕೇಳಿಸಿಕೊಂಡದ್ದನ್ನು ಹೇಗೆ ಬರೆಯಲಿ?

ಅಪ್ಪ ಹೋದಾಗಿನಿಂದ ಚಾಕು ಟ್ರಂಕಿನಲ್ಲೇ ಇತ್ತು. ತುಕ್ಕು ಹಿಡಿದು ತೆರೆಯಲೇ ಬರುತ್ತಿರಲಿಲ್ಲ. ಎಣ್ಣೆ ಬಿಟ್ಟು ಬಿಡಿಸಿದೆ. ಮನೆಯಲ್ಲೇ ಮಸೆದರೆ ಆಯಿತೆಂದು ಶುಕ್ರವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಕುಡುಗೋಲು ಮಸೆಯುವ ಹಾಗೆ, ಆ ಕಡೆ ನಾಲ್ಕು ಈ ಕಡೆ ನಾಲ್ಕು ಸಲ ಎಳೆದೆ. ಅಲಗಿನ ಮೇಲೆಲ್ಲ ಗೀರು ಬಿತ್ತು. ಅಯ್ಯೋ, ತಮ್ಮನ ಬದುಕು ಕೆಡಿಸಿಬಿಟ್ಟೆನಲ್ಲ ಎಂದು ಹೆದರಿ ಅಲ್ಲಿಗೇ ನಿಲ್ಲಿಸಿದೆ. ಆ ಭಯಕ್ಕೇ ಕನಸು ಬಿದ್ದಿರಬೇಕು. ನೆನ್ನೆ ಮೊದಲ ಬಸ್ಸಿಗೇ ಶಿಡ್ಲಘಟ್ಟಕ್ಕೆ ಓಡಿದೆ. ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ದರ್ಜಿಗಳ ಕತ್ತರಿಗೆ ಸಾಣೆ ಹಿಡಿಯುವ ಖಾಜಾ ಪೀರ್ ಅವರ ಮುಂದೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಅಲಗನ್ನು ಹೆಬ್ಬೆರಳಲ್ಲಿ ಸವರಿ, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ನಿಮ್ಮಪ್ಪ ಎಡಚರೇನಮ್ಮಾ?" ನನಗೆ ಎಲ್ಲಿತ್ತೋ ಸಿಟ್ಟು. "ಏನ್ ಮಾತಾಡ್ತೀರ ಸಾಬ್ರೆ? ನಮ್ಮಪ್ಪ ಎಡಗೈಲಿ ಚೊಂಬೂ ಮುಟ್ತಿರಲಿಲ್ಲ. ನಮ್ ತಮ್ಮ ಎಡಗೈ ಆಡಿಸ್ತಾನೆ ಅಂತ ಬಾಸುಂಡೆ ಬರಂಗೆ ಹೊಡೆದೋರು" ಎಂದೆ. ಅವರು ನಕ್ಕು, "ಚಾಕು ನನ್ ಕೈಲೈತೆ, ಸಿಟ್ ಮಾಡ್ಕಂಡು ಏನ್ ಮಾಡ್ತೀರಿ, ಕೂತ್ಕಳಿ" ಎಂದು ಸ್ಟೂಲು ಎಳೆದರು. ಕಸಿ ಚಾಕುವಿಗೆ ಒಂದೇ ಮಗ್ಗುಲು ಇಳಿಜಾರು, ಇನ್ನೊಂದು ಮಗ್ಗುಲು ಚಪ್ಪಟೆಯಂತೆ. ಬಲಗೈಯವರಿಗಾದರೆ ಇಳಿಜಾರು ಬಲಕ್ಕೆ, ಎಡಗೈಯವರಿಗಾದರೆ ಎಡಕ್ಕೆ. ನಿನಗೆ ಗೊತ್ತಿರುತ್ತದೆ, ನನಗೆ ಎಲ್ಲಿ ಗೊತ್ತು? ಬೇವಿನ ಕಡ್ಡಿ ತೆಗೆದುಕೊಂಡು ಬಲಗೈಯಲ್ಲಿ ಸೀಳಿದರು, ಅಲಗು ಒಳಗೆ ಕಚ್ಚಿಕೊಂಡು ಗುಳಿ ಬಿತ್ತು. ಎಡಗೈಯಲ್ಲಿ ಸೀಳಿದರು, ನುಣ್ಣಗೆ ಬಂತು. "ಇದು ಅಂಗಡೀಲಿ ತಗಂಡಾಗ ಬಲಗೈದೇ ಅಮ್ಮ. ಇಲ್ ನೋಡಿ, ಹಳೇ ಇಳಿಜಾರು ಇನ್ನೂ ಒಂದು ಎಳೆ ಕಾಣ್ತದೆ. ಯಾರೋ ಮನೇಲಿ ಕೂತು ಕಲ್ಲಲ್ಲಿ ಉಜ್ಜಿ ಉಜ್ಜಿ ಈ ಕಡೆಗೆ ತಿರುಗಿಸವ್ರೆ. ಒಂದಿನದ್ದಲ್ಲ, ವರ್ಷಗಟ್ಲೆ ಕೆಲಸ" ಎಂದರು. ಯಾರು ಹಿಡಿಯುತ್ತಾರೋ ಅವರ ಕೈಗೆ ತಕ್ಕ ಹಾಗೆ ಸಾಣೆ ಹಿಡಿಯುತ್ತೇನೆ, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಚಾಕು ಇಟ್ಟುಕೊಂಡರು.

ಬಸ್ಸಿನಲ್ಲಿ ಹೇಗೆ ಕೂತು ಬಂದೆನೋ ನನಗೆ ನೆನಪಿಲ್ಲ. ನಮ್ಮಪ್ಪ ಕಸಿ ಕಟ್ಟುವಾಗ ಎಲ್ಲರಿಗೂ ಬೆನ್ನು ಮಾಡಿ, ತಲೆಯ ಮೇಲಿಂದ ಟವಲು ಇಳಿಬಿಟ್ಟುಕೊಂಡು ಕೂರುತ್ತಿದ್ದ ನೆನಪಿದೆಯಾ? "ಈ ಕಡೆ ಬರಬೇಡ್ರೋ, ವಿದ್ಯೆ ಇದು" ಎನ್ನುತ್ತಿದ್ದ. ಚಿಂತಾಮಣಿ ತೋಟಗಳಲ್ಲೆಲ್ಲ ಮುನಿವೆಂಕಟಪ್ಪನ ಗುಟ್ಟು ಯಾರಿಗೂ ಸಿಗಲ್ಲ ಎಂದು ಜನ ಹೇಳುತ್ತಿದ್ದರೆ ನಾವು ಎಷ್ಟು ಜಂಬ ಪಡುತ್ತಿದ್ದೆವು! ಆ ಟವಲಿನ ಕೆಳಗೆ ಅವನು ಮುಚ್ಚಿಟ್ಟದ್ದು ಕೈಯನ್ನು ಕಣೋ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಹುಳದ ತಟ್ಟೆಗೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಲೂ ಇಲ್ಲ. "ಗೊತ್ತಿಲ್ದೆ ಏನೇ? ತಾಳಿ ಕಟ್ಟೋವಾಗ್ಲೇ ಎಡಗೈ ಮುಂದಕ್ಕೆ ಬಂತು. ನಾನೇ ಸೆರಗು ಎಳ್ಕೊಂಡು ಮರೆ ಮಾಡ್ದೆ" ಎಂದಳು. ಮತ್ತೆ ಅಪ್ಪ ನಿನ್ನನ್ನು ಯಾಕೆ ಹಾಗೆ ಹೊಡೆದ ಎಂದು ಕಿರುಚಿದೆ. "ವಯಸ್ನಲ್ಲಿ ಯಾವ್ದೋ ತೋಟದಲ್ಲಿ, ಎಡಗೈಲಿ ಕಟ್ಟಿದ್ದು ಏಳಲ್ಲ ಅಂತ ಅರ್ಧ ಕೆಲಸದಲ್ಲೇ ಎಬ್ಬಿಸಿ ಕಳಿಸಿದ್ರಂತೆ. ಆವತ್ತು ಮನೇಗೆ ಬಂದು ಅತ್ರು ಕಣೇ. ನನ್ ಮಗನ್ನ ಯಾರೂ ಹಂಗೆ ಎಬ್ಬಿಸಬಾರದು ಅಂತಿದ್ರು" ಎಂದಳು. ಇಷ್ಟನ್ನು ಇಟ್ಟುಕೊಂಡು ಇಷ್ಟು ವರ್ಷ ಹೇಗೆ ಸುಮ್ಮನಿದ್ದಳೋ ನಮ್ಮಮ್ಮ, ಈ ಕದಿರಮ್ಮ! ನೀನು ಬಲಗೈಯಲ್ಲಿ ಕಟ್ಟಿದ ಸಸಿಗಳೆಲ್ಲ ಒಣಗಿದಾಗ, "ನಿನ್ ಕೈ ಗಿಡಕ್ಕಾಗಲ್ಲ ಹೋಗೋ" ಎಂದನಲ್ಲ ಅಪ್ಪ, ನೀನು ಮನೆ ಬಿಟ್ಟೆಯಲ್ಲ, ಆವತ್ತೂ ಇವಳು ಬಾಗಿಲಲ್ಲೇ ನಿಂತಿದ್ದಳು.

ಅಮ್ಮನನ್ನು ಅನ್ನುವುದಕ್ಕೆ ನನಗೆ ಬಾಯಿಲ್ಲ. ಊಟಕ್ಕೆ ಕೂತಾಗ ನಿನ್ನ ಎಡಗೈಯನ್ನು ಟವಲಲ್ಲಿ ಸೊಂಟಕ್ಕೆ ಕಟ್ಟುತ್ತಿದ್ದವಳು ನಾನು. ಇನ್ನೊಂದಿದೆ. ನೀನು ಹದಿನಾರರಲ್ಲಿ ಕೊಟ್ಟಿಗೆಯ ಹಿಂದೆ ಕದ್ದು ಎಡಗೈಯಲ್ಲಿ ಕಟ್ಟಿದ್ದ ಮಾವಿನ ಸಸಿಯನ್ನು ಮೇಕೆ ತಿಂದಿತು ಎಂದಿದ್ದೆನಲ್ಲ, ಸುಳ್ಳು. ಅದು ಹತ್ತಿತ್ತು ಕಣೋ. ಎರಡು ಕೆಂಪು ಎಲೆ ಬಿಟ್ಟಿತ್ತು. ಅಪ್ಪ ನೋಡಿದರೆ ನಿನಗೆ ಏಟು ಬೀಳುತ್ತದೆಂದು ನಾನೇ ಕಿತ್ತು ಬೇಲಿಯಾಚೆ ಎಸೆದೆ. ನಿನ್ನ ಕೈಯಲ್ಲಿ ಗಿಡ ಏಳುತ್ತದೆ ಎಂದು ಈ ಮನೆಯಲ್ಲಿ ಕಣ್ಣಾರೆ ನೋಡಿದವಳು ನಾನೊಬ್ಬಳೇ, ನಾನೇ ಬಾಯಿ ಮುಚ್ಚಿಕೊಂಡೆ. ಕ್ಷಮಿಸು ಎನ್ನಲೂ ನಾಚಿಕೆ.

ಬೆಳಿಗ್ಗೆ ಹೋಗಿ ಚಾಕು ತಂದೆ. ಕಾಗದ ಅಂಚಿಗೆ ತಾಗಿದರೆ ಸಾಕು, ಎರಡಾಗುತ್ತದೆ. ಹುಷಾರಾಗಿ ತೆರೆ. ಅಮ್ಮ ನಿನ್ನ ತಲೆ ಸವರಿದಳೆಂದು ಬರೆ ಎನ್ನುತ್ತಿದ್ದಾಳೆ. ಹೊತ್ತುಹೊತ್ತಿಗೆ ಉಣ್ಣು, ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟು, ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಮುನಿಶಾಮಮ್ಮ

ಸೋಮವಾರ ಬೆಳಿಗ್ಗೆ: ಮೋಹನ್‌ಬಾಬು ಟೆಂಪೋ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದನ್ನೇ ಬರೆದಿಲ್ಲ. ಯಾವ ಕೈಗೆ ಸಾಣೆ ಹಿಡಿಯಲಿ ಎಂದು ಖಾಜಾ ಪೀರ್ ಮೂರು ಸಲ ಕೇಳಿದರು. ಮೂರು ಸಲವೂ ಎಡಗೈಗೆ ಎಂದೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ, ಬೈಯಬೇಡ. ಗುರುವಾರ ಎಡಗೈಯಲ್ಲೇ ಕಟ್ಟು, ಎಲ್ಲರೂ ನೋಡುವ ಹಾಗೆ ಕೂತು ಕಟ್ಟು. ಆದರೆ ಮೊದಲ ಸಸಿಗೆ ತಾಗಿಸುವ ಮುಂಚೆ ಇನ್ನೊಂದು ಸಲ ನೋಡಪ್ಪ: ಮೊನೆ ಮುಂದಕ್ಕೆ, ಅಲಗಿನ ಹರಿತದ ಬಾಯಿ ಕೆಳಕ್ಕೆ ಮಾಡಿ ಹಿಡಿದಾಗ ಇಳಿಜಾರು ನಿನ್ನ ಎಡಕ್ಕೇ ಇದೆಯಾ? ನಾನು ಹತ್ತು ಸಲ ನೋಡಿದೆ, ಆದರೂ ಧೈರ್ಯ ಸಾಲದು. ನೋಡಿದ ತಕ್ಷಣ ಫೋನ್ ಮಾಡು.