ಮಂದ ಗಾಜು

ಭಾನುವಾರ, ಮಧ್ಯಾಹ್ನ

ಮುನಿಸಿಕೊಂಡ ಅಕ್ಕನಿಗೆ ಮೊಂಡ ತಮ್ಮನ ನಮಸ್ಕಾರ.

ನಿನ್ನ ಕಾಗದ ತಲುಪಿತು. ಅಮ್ಮನಿಗೆ ಬುದ್ಧಿ ಜಾರುತ್ತಿದೆ, ಅಂಥವರನ್ನು ನೋಡಿಕೊಳ್ಳುವ ಕಡೆ ಸೇರಿಸೋಣ, ನೀನು ಹೂಂ ಅಂದರೆ ಸಾಕು ಎಂದು ಬರೆದಿದ್ದೀಯ. ಹೋದ ಸಲ ನಾನು, ಅಮ್ಮ ಗೋಡೆಯ ಚಿತ್ರದ ಜೊತೆ ಮಾತಾಡುತ್ತಾಳೆ ಎಂದಷ್ಟೇ ಬರೆದದ್ದು ತಪ್ಪಾಯಿತು. ಈಗ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ‘ಗೊತ್ತಿಲ್ಲ’ ಎಂದು ಬರೆದು ಶಾಲೆಗೇ ಕೈಮುಗಿದು ಬಂದವನು ನಾನು. ನಿನಗೆ ಸುಳ್ಳು ಹೇಳುತ್ತೇನೆಯೇ?

ಚಿತ್ರವನ್ನು ಅಮ್ಮ ಹಳೇ ಸಾಮಾನಿನ ಅಂಗಡಿಯಿಂದ ತಂದಳು. ಅಚ್ಚು ಹಾಕಿದ್ದು. ಒಂದು ಕೋಣೆ, ಕಿಟಕಿ, ಮೇಜು, ಮೇಜಿನೊಳಕ್ಕೆ ತಳ್ಳಿದ ಖಾಲಿ ಕುರ್ಚಿ. ಫ್ರೇಮ್ ಅಂಗಡಿಗೆ ಕೊಡದೆ ಕಟ್ಟನ್ನೂ ತಾನೇ ಹಾಕಿದಳು. ನಾನು ಕೆಲಸ ಹುಡುಕಿ ಅಲೆದು ಬರುವಷ್ಟರಲ್ಲಿ ಮೊಳೆ ಹೊಡೆದು ಬೀರುವಿನ ಮೇಲೆ ಎತ್ತರದಲ್ಲಿ ತೂಗುಹಾಕಿ ಆಗಿತ್ತು. ಸರಿಯಾಗಿ ನಿನ್ನ ಫೋಟೋದ ಎದುರಿಗೆ.

ಕುರ್ಚಿಯಲ್ಲಿ ನೀನು ಕೂತಿದ್ದೀಯ ಅಂದಳು. ಫೋಟೋ ಗಾಜಿನಲ್ಲಿ ಕಾಣುತ್ತಿದೆಯಮ್ಮ ಅಂದೆ. ಮಗಳು ಯಾವುದು, ನೆರಳು ಯಾವುದು ಗೊತ್ತಾಗದಷ್ಟು ಮುದುಕಿಯಾಗಿಲ್ಲ ಕಣೋ, ಬಂದುಬಿಟ್ಟ ದೊಡ್ಡ ಪಂಡಿತ, ಅಂದಳು. ತರಕಾರಿ ಹೆಚ್ಚುತ್ತಾ ನನ್ನ ಮೇಲಿನ ದೂರನ್ನೆಲ್ಲ ನಿನಗೆ ಒಪ್ಪಿಸುತ್ತಿದ್ದಳು. ನಾನು ನಗುತ್ತಿದ್ದೆ.

ಒಂದು ಬೆಳಿಗ್ಗೆ, ಎಷ್ಟು ಚೆಂದದ ಕೂದಲು, ಕತ್ತರಿಸಿಕೊಂಡುಬಿಟ್ಟಳಲ್ಲೋ ಅಂತ ಕಣ್ಣೊರೆಸಿಕೊಂಡಳು. ಫೋಟೋದಲ್ಲಿ ನಿನ್ನ ಜಡೆ ಸೊಂಟದವರೆಗೆ ಇದೆ. ಆವತ್ತು ನಾನೂ ನೋಡಿದೆ. ನೀನು ಆ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದೆ. ಎಡಭುಜ ಎತ್ತಿಕೊಂಡು ಕೂರುವುದು ನಿನ್ನೊಬ್ಬಳ ಚಾಳಿ. ಕೂದಲು ಕುತ್ತಿಗೆಯವರೆಗೆ ಮಾತ್ರ. ನೀನು ಏನೋ ಬರೆಯುತ್ತಿದ್ದೆ. ಅದೇ ವಾರ ನಿನ್ನ ಕಾಗದ ಬಂತು.

ಜಗಳವಾಡಿ ಹೋದಮೇಲೆ ನೀನು ಮುಖ ತೋರಿಸಿಲ್ಲ, ಫೋನೂ ಎತ್ತುವುದಿಲ್ಲ. ಹಾಗಾಗಿ ಇಲ್ಲೇ ಕೇಳುತ್ತೇನೆ. ಕೂದಲು ಕತ್ತರಿಸಿಕೊಂಡೆಯಾ? ಇಲ್ಲ ಎಂದರೆ ಅಮ್ಮನ ಜೊತೆ ನನ್ನನ್ನೂ ಅಲ್ಲಿಗೇ ಸೇರಿಸು. ಹೌದು ಎಂದರೆ ಅಮ್ಮ ಈ ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲ.

ಕಂಡದ್ದು ನೆರಳೋ ಅಲ್ಲವೋ ನೋಡಿಯೇ ಬಿಡೋಣ ಎಂದು, ಏನೂ ಪ್ರತಿಫಲಿಸದ ಮಂದ ಗಾಜು ತಂದಿದ್ದೇನೆ. ಅಮ್ಮ ಸ್ನಾನಕ್ಕೆ ಹೋದಾಗ ಬದಲಾಯಿಸುತ್ತೇನೆ.

ನಿನ್ನ ತಮ್ಮ,
ಮೊಂಡ

ತಾ.ಕ.: ಮಂದ ಗಾಜು ಪೇಪರು ಸುತ್ತಿದ ಹಾಗೇ ಇದೆ. ಕಟ್ಟು ಇಳಿಸಿ ಹಿಂದಿನ ರಟ್ಟು ಬಿಚ್ಚಿದೆ. ಬದಲಾಯಿಸಲು ಒಳಗೆ ಗಾಜೇ ಇಲ್ಲ. ಅಮ್ಮನನ್ನು ಕೇಳಿದರೆ, ಕೂರಿಸುವಾಗಲೇ ಒಡೆದುಹೋಯಿತು ಕಣೋ, ಅಷ್ಟೆತ್ತರದಲ್ಲಿ ಯಾರಿಗೆ ಗೊತ್ತಾಗುತ್ತೆ ಅಂತ ಹಾಗೇ ತೂಗುಹಾಕಿದೆ, ಅಂದಳು. ಚಿತ್ರವೀಗ ಈ ಕಾಗದದ ಪಕ್ಕದಲ್ಲೇ ಇದೆ. ಅದರಲ್ಲಿ ನೀನಿಲ್ಲ. ಕುರ್ಚಿ ಮಾತ್ರ ಮೇಜಿನಿಂದ ಹಿಂದಕ್ಕೆ ಸರಿದು ನಿಂತಿದೆ. ಎದ್ದಮೇಲೆ ಕುರ್ಚಿ ಒಳಗೆ ತಳ್ಳೇ ಅಂತ ಅಮ್ಮ ಎಷ್ಟು ಬೈದರೂ ನೀನು ಒಂದು ದಿನವೂ ತಳ್ಳಿದವಳಲ್ಲ. ಎಲ್ಲಿಗೆ ಹೊರಟೆ, ಅಕ್ಕ?